ಡ್ರೋನ್‌ಗೆ ಆರ್‌ಸಿ ಇದೆ, ಡಿಎಲ್ ಇದೆ, ಎಫ್‌ಸಿ ಎಲ್ಲಿ?

2025ರ ಸೆಪ್ಟೆಂಬರ್‌ನಲ್ಲಿ ಡ್ರೋನ್ ಬಗ್ಗೆ ಕೇಂದ್ರದಿಂದ ಎರಡು ಸುದ್ದಿಗಳು ಬಂದವು. 3ರಂದು ಸೇರಿದ ಜಿಎಸ್‌ಟಿ ಮಂಡಳಿ ಎಲ್ಲ ಬಗೆಯ ಡ್ರೋನ್‌ಗಳಿಗೂ ಶೇ 5ರ ಒಂದೇ ತೆರಿಗೆ ಎಂದು ತೀರ್ಮಾನಿಸಿತು. 16ರಂದು ನಾಗರಿಕ ವಿಮಾನಯಾನ ಸಚಿವಾಲಯ ನಾಗರಿಕ ಡ್ರೋನ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯ ಕರಡನ್ನು ಹೊರಬಿಟ್ಟು, ಅಭಿಪ್ರಾಯ ತಿಳಿಸಲು ತಿಂಗಳ ಕೊನೆಯವರೆಗೆ, ಅಂದರೆ ಎರಡು ವಾರ, ಸಮಯ ಕೊಟ್ಟಿತು. ಒಂದು ಸುದ್ದಿ ‘ಡ್ರೋನ್ ಕೊಳ್ಳಿ’ ಎಂದಂತಿತ್ತು. ಇನ್ನೊಂದರಲ್ಲಿ ಜೈಲು ಶಿಕ್ಷೆ, ಜಪ್ತಿ, ಪರಿಹಾರ ಎಂಬ ಪದಗಳಿದ್ದವು. ಔಷಧಿ ಹೊಡೆಯುವ ಡ್ರೋನನ್ನು ಸಾಲ ಮಾಡಿ ತಂದ ಯುವಕರು, ಸಬ್ಸಿಡಿಯಲ್ಲಿ ಪಡೆದ ಸ್ವಸಹಾಯ ಸಂಘದ ಮಹಿಳೆಯರು, ಕಾಲೇಜಿನ ಲ್ಯಾಬ್‌ನಲ್ಲಿ ಡ್ರೋನ್ ಜೋಡಿಸುವ ವಿದ್ಯಾರ್ಥಿಗಳು, ಎಲ್ಲರಿಗೂ ಒಂದೇ ಪ್ರಶ್ನೆ ಎದ್ದಿತು: ನಮ್ಮ ಬಳಿ ಇರುವ ಕಾಗದ ಸಾಕೇ?

ಕರಡಿನ ಚರ್ಚೆ ಹೆಚ್ಚಾಗಿ ಶಿಕ್ಷೆಯ ಸುತ್ತಲೇ ನಡೆಯಿತು. ಅದು ಬೇಕಾದ ಚರ್ಚೆಯೇ. ಆದರೆ ಡ್ರೋನ್ ಯಾಕೆ ಬೀಳುತ್ತದೆ ಎಂದು ಹುಡುಕಿಕೊಂಡು ಹೊರಟರೆ ಕಾನೂನು ಇನ್ನೂ ಸರಿಯಾಗಿ ಕೈ ಹಾಕದ ಒಂದು ಜಾಗಕ್ಕೆ ಬಂದು ನಿಲ್ಲುತ್ತೇವೆ. ಅದು ನಿರ್ವಹಣೆ.

ಮೂರು ಕಾಗದ, ಮೂರು ಅರ್ಥ

ಈಗಿನ ಕಾನೂನು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು. ಇವು 500 ಕೆ.ಜಿ.ವರೆಗಿನ ಡ್ರೋನ್‌ಗಳಿಗೆ ಅನ್ವಯಿಸುತ್ತವೆ. ತೂಕದ ಮೇಲೆ ಐದು ವರ್ಗ: 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸ್ಮಾಲ್, 150 ಕೆ.ಜಿ.ವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್. ತೂಕ ಎಂದರೆ ಟ್ಯಾಂಕಿನ ನೀರು, ಬ್ಯಾಟರಿ ಎಲ್ಲ ಸೇರಿದ ಪೂರ್ತಿ ತೂಕ.

ಡ್ರೋನ್ ಇಟ್ಟುಕೊಂಡವರು ಮೂರು ಬೇರೆ ಬೇರೆ ದಾಖಲೆಗಳನ್ನೂ ‘ಲೈಸೆನ್ಸ್’ ಎಂದೇ ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿಂದ. ನಮಗೆ ಗೊತ್ತಿರುವ ವಾಹನದ ಲೆಕ್ಕಕ್ಕೆ ತಂದರೆ ಬೇಗ ತಿಳಿಯುತ್ತದೆ.

ಮೊದಲನೆಯದು ಟೈಪ್ ಸರ್ಟಿಫಿಕೇಟ್. ಇದನ್ನು ಪಡೆಯುವವರು ತಯಾರಕರು. ಕಾರಿನ ಒಂದು ಮಾಡೆಲ್ ಮಾರುಕಟ್ಟೆಗೆ ಬರುವ ಮುಂಚೆ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಯಲ್ಲಿ ಪಾಸಾಗಬೇಕಲ್ಲ, ಇದೂ ಹಾಗೆ. ಒಂದು ವಿನ್ಯಾಸಕ್ಕೆ ಒಂದು ಪ್ರಮಾಣಪತ್ರ. ಅದೇ ವಿನ್ಯಾಸದ ಸಾವಿರ ಡ್ರೋನ್ ತಯಾರಿಸಿದರೂ ಅದೇ ಸಾಕು. ಎರಡನೆಯದು ಯುಐಎನ್, ಅಂದರೆ ನಿಮ್ಮ ಕೈಯಲ್ಲಿರುವ ಆ ಒಂದು ಡ್ರೋನಿನ ನೋಂದಣಿ ಸಂಖ್ಯೆ. ಗಾಡಿಯ ಆರ್‌ಸಿ ಇದ್ದಂತೆ. ಮೂರನೆಯದು ರಿಮೋಟ್ ಪೈಲಟ್ ಸರ್ಟಿಫಿಕೇಟ್. ಡ್ರೈವಿಂಗ್ ಲೈಸೆನ್ಸ್ ಇದ್ದಂತೆ ಇದು ಹಾರಿಸುವವರಿಗೆ ಸಿಗುತ್ತದೆ, 10 ವರ್ಷ ಚಾಲ್ತಿಯಲ್ಲಿರುತ್ತದೆ. ನ್ಯಾನೊ ಡ್ರೋನ್‌ಗೆ ಟೈಪ್ ಸರ್ಟಿಫಿಕೇಟೂ ಬೇಡ, ಪೈಲಟ್ ಸರ್ಟಿಫಿಕೇಟೂ ಬೇಡ.

ಇನ್ನು ಸಾರಿಗೆ ವಾಹನ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ನಾಲ್ಕನೇ ಕಾಗದವೊಂದಿದೆ: ಎಫ್‌ಸಿ. ಬ್ರೇಕ್ ಹಿಡಿಯುತ್ತದೆಯೇ, ಟೈರ್ ಸವೆದಿದೆಯೇ, ಚಾಸಿಸ್ ಬಿರುಕು ಬಿಟ್ಟಿದೆಯೇ ಎಂದು ಆ ಗಾಡಿಯನ್ನೇ ನಿಲ್ಲಿಸಿ ನೋಡಿ ಕೊಡುವ ಪತ್ರ. ಡ್ರೋನ್‌ಗೆ ಅಂಥದ್ದೊಂದಿಲ್ಲ. ಪ್ರಯಾಣಿಕರ ವಿಮಾನಕ್ಕೆ ಇದಕ್ಕಿಂತ ಬಿಗಿಯಾದ ಏರ್ಪಾಡಿದೆ. ಪ್ರತಿ ವಿಮಾನಕ್ಕೂ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಇರುತ್ತದೆ, ರಿಪೇರಿ ಆದಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ ಅದು ನೆಲ ಬಿಡುವಂತಿಲ್ಲ. ಡ್ರೋನ್ ನಿಯಮಗಳಲ್ಲಿ ರಿಪೇರಿ ಮಾಡುವವರಿಗೆಂದು ಯಾವ ಲೈಸೆನ್ಸೂ ಇಲ್ಲ.

ಟೈಪ್ ಸರ್ಟಿಫಿಕೇಟ್ ಏನನ್ನು ನೋಡುತ್ತದೆ

ಪರೀಕ್ಷೆಯ ಮಾನದಂಡಗಳನ್ನು 2022ರ ಜನವರಿ 26ರಂದು ಪ್ರಕಟಿಸಲಾಯಿತು. ಯೋಜನೆಯ ಉಸ್ತುವಾರಿ ಭಾರತೀಯ ಗುಣಮಟ್ಟ ಮಂಡಳಿಯದು. ಪರೀಕ್ಷೆ ನಡೆಸುವುದು ಮಾನ್ಯತೆ ಪಡೆದ ಸಂಸ್ಥೆಗಳು, ಪ್ರಮಾಣಪತ್ರ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ನಿಯಮದ ಪ್ರಕಾರ ಪರೀಕ್ಷಾ ಸಂಸ್ಥೆಗೆ 60 ದಿನ, ಡಿಜಿಸಿಎಗೆ 15 ದಿನ ಕಾಲಾವಕಾಶ. ಈ ನಿಯಮಗಳಡಿ ಮೊದಲ ಟೈಪ್ ಸರ್ಟಿಫಿಕೇಟ್ ಸಿಕ್ಕಿದ್ದು 2022ರ ಜೂನ್‌ನಲ್ಲಿ, ಒಂದು ಕೃಷಿ ಡ್ರೋನಿಗೆ.

ತಯಾರಕರು ಅರ್ಜಿಯ ಜತೆಗೆ ಮಾದರಿ ಡ್ರೋನನ್ನೂ ವಿನ್ಯಾಸದ ದಾಖಲೆಗಳನ್ನೂ ಹಾರಾಟ ಮತ್ತು ನಿರ್ವಹಣೆಯ ಕೈಪಿಡಿಗಳನ್ನೂ ಕೊಡಬೇಕು. ಮೊದಲು ಪರೀಕ್ಷಕರು ಕಾಗದದಲ್ಲಿ ಹೇಳಿದ ತೂಕ, ಅಳತೆ, ಬಿಡಿಭಾಗಗಳು ಎದುರಿಗಿರುವ ಡ್ರೋನಿಗೆ ಹೊಂದುತ್ತವೆಯೇ ಎಂದು ತಾಳೆ ನೋಡುತ್ತಾರೆ. ಆಮೇಲೆ ಹಾರಾಟ: ಪೂರ್ತಿ ಭಾರ ಹೊತ್ತು ಎಷ್ಟು ನಿಮಿಷ ನಿಲ್ಲುತ್ತದೆ, ನಿಂತಲ್ಲೇ ನಿಂತಾಗ ಎಷ್ಟು ಅಲುಗುತ್ತದೆ, ಗಾಳಿಗೆ ಹೇಗೆ ತಡೆದುಕೊಳ್ಳುತ್ತದೆ. ಧೂಳು, ನೀರು, ಬಿಸಿಯ ಪರೀಕ್ಷೆಗಳೂ ರೇಡಿಯೊ ಅಡಚಣೆಯ ಪರೀಕ್ಷೆಯೂ ಇರುತ್ತವೆ. ರಿಮೋಟಿನ ಟ್ರಾನ್ಸ್‌ಮಿಟರ್‌ಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆ ಪ್ರತ್ಯೇಕವಾಗಿ ಬೇಕು.

ಇಷ್ಟರಲ್ಲಿ ಅತಿ ಮುಖ್ಯವಾದದ್ದು ಫೇಲ್‌ಸೇಫ್ ಪರೀಕ್ಷೆ. ಬೇಕೆಂದೇ ರಿಮೋಟ್ ಆಫ್ ಮಾಡಿದರೆ ಡ್ರೋನ್ ಹೊರಟ ಜಾಗಕ್ಕೆ ತಾನಾಗಿ ವಾಪಸ್ ಬರಬೇಕು. ಬ್ಯಾಟರಿ ಗೊತ್ತುಪಡಿಸಿದ ಮಟ್ಟಕ್ಕೆ ಇಳಿದರೆ ಹಿಂದಿರುಗಬೇಕು ಅಥವಾ ಇದ್ದಲ್ಲೇ ಇಳಿಯಬೇಕು. ಜಿಪಿಎಸ್ ಹೋದರೂ ದಿಕ್ಕೆಟ್ಟು ಓಡಬಾರದು.

ಗಮನಿಸಬೇಕಾದ ಸಂಗತಿಯೆಂದರೆ, ಈ ಪರೀಕ್ಷೆಗಳೆಲ್ಲ ನಡೆಯುವುದು ಹೊಸ ಡ್ರೋನಿನ ಮೇಲೆ, ಹೊಸ ಬ್ಯಾಟರಿಯಿಂದ, ತಯಾರಕರೇ ಇಟ್ಟ ಸೆಟ್ಟಿಂಗ್‌ಗಳಲ್ಲಿ. ಪ್ರಮಾಣಪತ್ರ ಸಾಕ್ಷಿ ಹೇಳುವುದು ಆ ಸ್ಥಿತಿಯ ಡ್ರೋನಿಗೆ ಮಾತ್ರ.

2021ರಲ್ಲಿ ಕೈಬಿಟ್ಟ ಒಂದು ಕಾಗದ

2021ರ ಮಾರ್ಚ್‌ನಲ್ಲಿ ಬಂದಿದ್ದ ಹಳೆಯ ನಿಯಮಗಳು ಉದ್ಯಮವನ್ನು ಉಸಿರುಗಟ್ಟಿಸುವಂತಿದ್ದವು. 25 ಬಗೆಯ ನಮೂನೆ, 72 ಬಗೆಯ ಶುಲ್ಕ. ಆಗಸ್ಟ್‌ನ ನಿಯಮಗಳು ಅವನ್ನು 5 ನಮೂನೆ, 4 ಶುಲ್ಕಕ್ಕೆ ಇಳಿಸಿದವು. ಡ್ರೋನ್ ಉದ್ಯಮ ಕಣ್ಣು ಬಿಟ್ಟದ್ದೇ ಆಮೇಲೆ, ಇದರಲ್ಲಿ ಅನುಮಾನವಿಲ್ಲ. ಆದರೆ ಆಗ ರದ್ದಾದ ಅನುಮೋದನೆಗಳ ಪಟ್ಟಿಯಲ್ಲಿ ಪ್ರತ್ಯೇಕ ಹಾರಾಟ ಯೋಗ್ಯತೆಯ ಪತ್ರವೂ ನಿರ್ವಹಣಾ ಪ್ರಮಾಣಪತ್ರವೂ ಇದ್ದವು. ಬೇಡದ ಕಳೆಯ ಜತೆಗೆ ಬೇಕಾದ ಒಂದು ಸಸಿಯೂ ಕಿತ್ತುಬಂತು. ಹಳೆಯ ರೂಪದಲ್ಲಿ ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದಲ್ಲ. ಅದರ ಜಾಗಕ್ಕೆ ಹಗುರವಾದ ಇನ್ನೊಂದು ವ್ಯವಸ್ಥೆ ಬರಬೇಕಿತ್ತು, ಬರಲಿಲ್ಲ.

ಈಗಿನ ನಿಯಮಗಳು ಎರಡು ಭಾಗಗಳ ಮೇಲೆ ಮಾತ್ರ ನೇರವಾಗಿ ಕಣ್ಣಿಟ್ಟಿವೆ. ಯುಐಎನ್ ಅನ್ನು ಡ್ರೋನಿನ ಸೀರಿಯಲ್ ನಂಬರಿನ ಜತೆಗೆ ಫ್ಲೈಟ್ ಕಂಟ್ರೋಲರ್ ಮತ್ತು ರಿಮೋಟ್‌ಗಳ ಸೀರಿಯಲ್ ನಂಬರಿಗೂ ಜೋಡಿಸಲಾಗುತ್ತದೆ. ಇವೆರಡರಲ್ಲಿ ಯಾವುದನ್ನು ಬದಲಿಸಿದರೂ ಸರ್ಕಾರದ ಪೋರ್ಟಲಿನಲ್ಲಿ ಹೊಸ ನಂಬರ್ ದಾಖಲಿಸಬೇಕು. ಒಳ್ಳೆಯ ನಿಯಮ. ಆದರೆ ಹೊಲದಲ್ಲಿ ಪದೇ ಪದೇ ಬದಲಾಗುವುದು ಈ ಎರಡಲ್ಲ. ಬದಲಾಗುವುದು ಬ್ಯಾಟರಿ, ಪ್ರೊಪೆಲ್ಲರ್, ಮೋಟರ್, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ, ಪಂಪು, ಜತೆಗೆ ಸಾಫ್ಟ್‌ವೇರ್ ಸೆಟ್ಟಿಂಗ್.

ಬ್ಯಾಟರಿಯ ಲೆಕ್ಕ

ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವಂಥ 10 ಲೀಟರಿನ ಆರು ಮೋಟರ್ ಡ್ರೋನನ್ನೇ ತೆಗೆದುಕೊಳ್ಳೋಣ. ಸ್ಮಾಲ್ ವರ್ಗ ದಾಟಬಾರದೆಂದು ಪೂರ್ತಿ ತೂಕವನ್ನು 25 ಕೆ.ಜಿ.ಗಿಂತ ತುಸು ಕೆಳಗೆ, 24.8 ಕೆ.ಜಿ.ಗೆ ನಿಲ್ಲಿಸಿರುತ್ತಾರೆ ಎನ್ನೋಣ. 22 ಆಂಪಿಯರ್-ಅವರಿನ ಆರು ಸೆಲ್ಲಿನ ಎರಡು ಲಿಥಿಯಂ ಪಾಲಿಮರ್ ಪ್ಯಾಕುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು 12 ಸೆಲ್. ತುಂಬಿದಾಗ 50.4 ವೋಲ್ಟ್, ಸರಾಸರಿ 44.4 ವೋಲ್ಟ್. ಟ್ಯಾಂಕು ತುಂಬಿಕೊಂಡು ನಿಂತಲ್ಲಿ ನಿಲ್ಲಲು ಸುಮಾರು 3,100 ವಾಟ್ ಬೇಕು, ಅಂದರೆ ಸುಮಾರು 70 ಆಂಪಿಯರ್.

ಹೊಸ ಸೆಲ್ಲಿನ ಒಳರೋಧ (ಕರೆಂಟಿಗೆ ಸೆಲ್ ತನ್ನೊಳಗೇ ಒಡ್ಡುವ ತಡೆ) 2 ಮಿಲಿಓಮ್ ಎಂದಿಟ್ಟುಕೊಂಡರೆ 12 ಸೆಲ್ಲಿಗೆ 24 ಮಿಲಿಓಮ್. 70 ಆಂಪಿಯರ್ ಹರಿದಾಗ ಕುಸಿಯುವ ವೋಲ್ಟೇಜ್ 1.7. ಅದೇ ಸೆಲ್ ಹಳತಾಗಿ ಒಳರೋಧ 6 ಮಿಲಿಓಮ್‌ಗೆ ಏರಿದರೆ ಕುಸಿತ 5 ವೋಲ್ಟ್. ಬ್ಯಾಟರಿಯೊಳಗೇ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ 118 ವಾಟ್‌ನಿಂದ 353 ವಾಟ್‌ಗೆ ಏರುತ್ತದೆ. ಹಳೆಯ ಪ್ಯಾಕು ಊದಿಕೊಳ್ಳುವುದಕ್ಕೆ ಈ ಬಿಸಿಯೂ ಒಂದು ಮುಖ್ಯ ಕಾರಣ.

ಇನ್ನು ಫೇಲ್‌ಸೇಫ್ ಕಡೆಗೆ ಬನ್ನಿ. ಸೆಲ್ಲಿಗೆ 3.5 ವೋಲ್ಟ್, ಅಂದರೆ ಒಟ್ಟು 42 ವೋಲ್ಟ್‌ಗೆ ಇಳಿದರೆ ಕೆಳಗಿಳಿಯಬೇಕು ಎಂದು ತಯಾರಕರು ಸೆಟ್ ಮಾಡಿ, ಅದೇ ಸೆಟ್ಟಿಂಗಿನಲ್ಲಿ ಪರೀಕ್ಷೆ ಪಾಸಾಗಿದ್ದಾರೆ ಎನ್ನೋಣ. ನೆಲದ ಮೇಲೆ 45 ವೋಲ್ಟ್ ತೋರಿಸುವ, ಇನ್ನೂ ಮೂರನೇ ಒಂದು ಭಾಗದಷ್ಟು ಚಾರ್ಜ್ ಇರುವ ಹೊಸ ಬ್ಯಾಟರಿ ಗಾಳಿಯಲ್ಲಿ 43.3 ತೋರಿಸುತ್ತದೆ, ಕೆಲಸ ಮುಂದುವರಿಯುತ್ತದೆ. ಅದೇ 45 ವೋಲ್ಟಿನ ಹಳೆಯ ಬ್ಯಾಟರಿ ಏಳುತ್ತಿದ್ದಂತೆಯೇ 40ಕ್ಕೆ ಬೀಳುತ್ತದೆ, ಡ್ರೋನ್ ಕೂಡಲೇ ಇಳಿಯಲು ನೋಡುತ್ತದೆ. ಸೀಸನ್ನಿನ ನಡುವೆ, ಐದಾರು ರೈತರು ಸರದಿಯಲ್ಲಿ ಕಾಯುತ್ತಿರುವಾಗ, ಹೊಸ ಬ್ಯಾಟರಿ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಾಗ, ಸುಲಭದ ದಾರಿ ಒಂದೇ: ಲ್ಯಾಪ್‌ಟಾಪ್ ಜೋಡಿಸಿ 42 ಇದ್ದದ್ದನ್ನು 39.6ಕ್ಕೆ ಇಳಿಸುವುದು. ಎರಡು ನಿಮಿಷದ ಕೆಲಸ. ಒಂದು ಸ್ಕ್ರೂ ಬದಲಾಗಿಲ್ಲ, ಸೀರಿಯಲ್ ನಂಬರ್ ಬದಲಾಗಿಲ್ಲ. ಆದರೆ ಪ್ರಮಾಣಪತ್ರ ಯಾವ ರಕ್ಷಣೆಗೆ ಸಾಕ್ಷಿ ಹೇಳಿತ್ತೋ ಆ ರಕ್ಷಣೆ ಈಗ ಇಲ್ಲ.

ಇದರ ಇನ್ನೊಂದು ಪರಿಣಾಮ ಕಣ್ಣಿಗೆ ಕಾಣುವುದೇ ಇಲ್ಲ. 24.8 ಕೆ.ಜಿ.ಯನ್ನು ಆರು ಮೋಟರ್ ಹೊತ್ತರೆ ತಲಾ 4.1 ಕೆ.ಜಿ. ಸಾಮಾನ್ಯವಾಗಿ ಅದರ ಎರಡು ಪಟ್ಟು ಎತ್ತುವ, ಅಂದರೆ 8.3 ಕೆ.ಜಿ. ಸಾಮರ್ಥ್ಯದ ಮೋಟರ್ ಹಾಕಿರುತ್ತಾರೆ. ಒಂದು ಮೋಟರ್ ನಿಂತುಹೋದರೆ ಸಮತೋಲನಕ್ಕಾಗಿ ಅದರ ಎದುರಿನದೂ ಹೆಚ್ಚು ಕಡಿಮೆ ಸುಮ್ಮನಾಗಬೇಕು. ಉಳಿದ ನಾಲ್ಕರ ಮೇಲೆ ತಲಾ 6.2 ಕೆ.ಜಿ. ಭಾರ ಬೀಳುತ್ತದೆ, ಕರೆಂಟು 86 ಆಂಪಿಯರ್ ಆಸುಪಾಸಿಗೆ ಏರುತ್ತದೆ. ಮೋಟರಿನ ಗರಿಷ್ಠ ಎತ್ತುವ ಶಕ್ತಿ ಸುಮಾರಾಗಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ತಕ್ಕಂತೆ ಕುಗ್ಗುತ್ತದೆ. ಮೇಲೆ ಹೇಳಿದ 45 ವೋಲ್ಟಿನ ಸ್ಥಿತಿಯಲ್ಲೇ ಲೆಕ್ಕ ಹಾಕಿದರೆ, ಹೊಸ ಬ್ಯಾಟರಿಯಲ್ಲಿ ಒಂದು ಮೋಟರ್ ಸುಮಾರು 7.7 ಕೆ.ಜಿ. ಎತ್ತಬಲ್ಲದು, ಹಳೆಯದರಲ್ಲಿ 6.3. ಬೇಕಾದದ್ದು 6.2. ಗಾಳಿ ಬೀಸಿದರೆ, ಡ್ರೋನ್ ವಾಲಿದರೆ ಸರಿಪಡಿಸಿಕೊಳ್ಳಲು ಉಳಿಯುವುದು ನೂರು ಗ್ರಾಂ. ‘ಆರು ಮೋಟರ್ ಇದೆ, ಒಂದು ಹೋದರೂ ಇಳಿಸಬಹುದು’ ಎಂಬ ನಂಬಿಕೆ ಹೊಸ ಬ್ಯಾಟರಿಗೆ ನಿಜ, ಹಳೆಯದಕ್ಕೆ ನಿಜವಲ್ಲ.

ಬ್ಯಾಟರಿ ಹಳತಾಗಲು ವರ್ಷಗಳು ಬೇಕಿಲ್ಲ. ಇಷ್ಟು ಜೋರಾಗಿ ಬಳಸುವ ಪ್ಯಾಕುಗಳು 200ರಿಂದ 300 ಚಾರ್ಜಿಗೆ ಸೊರಗುತ್ತವೆ. ಎಕರೆಗೆ 10 ಲೀಟರಿನಂತೆ ಒಂದು ಹಾರಾಟ, ದಿನಕ್ಕೆ 25 ಎಕರೆ, ಕೈಯಲ್ಲಿ ಐದು ಜೋಡಿ ಬ್ಯಾಟರಿ ಎಂದರೆ ಪ್ರತಿ ಜೋಡಿಗೆ ದಿನಕ್ಕೆ ಐದು ಚಾರ್ಜ್. 40ರಿಂದ 60 ದಿನದಲ್ಲಿ ಅದರ ಆಯಸ್ಸು ಮುಗಿಯಿತು. ಐದರ ಬದಲು ಮೂರೇ ಜೋಡಿ ಇದ್ದರೆ ಇನ್ನೂ ಬೇಗ, ಯಾಕೆಂದರೆ ಎಂಟು ಗಂಟೆಯಲ್ಲಿ 25 ಹಾರಾಟ ಮುಗಿಸಲು ಒಂದೊಂದು ಜೋಡಿಯೂ ಗಂಟೆಯೊಳಗೆ ಮತ್ತೆ ಸಿದ್ಧವಾಗಬೇಕು. ಆಗ ಬಿಸಿ ಆರುವ ಮೊದಲೇ ಚಾರ್ಜರಿಗೆ ಹಾಕುತ್ತಾರೆ, ಚಾರ್ಜಿಂಗ್ ವೇಗವನ್ನೂ ಏರಿಸುತ್ತಾರೆ. ಎರಡೂ ಒಳರೋಧವನ್ನು ಬೆಳೆಸುತ್ತವೆ.

ದೊಡ್ಡ ಬ್ಯಾಟರಿ ಹಾಕಿದರಾಯಿತಲ್ಲ ಎನ್ನುವವರಿಗೂ ಒಂದು ಮಾತು. 22ರ ಬದಲು 30 ಆಂಪಿಯರ್-ಅವರಿನ ಪ್ಯಾಕು ಹಾಕಿದರೆ ಒಂದೊಂದಕ್ಕೂ ಸುಮಾರು 800 ಗ್ರಾಂ ಹೆಚ್ಚು. ಎರಡು ಸೇರಿದರೆ ಡ್ರೋನಿನ ತೂಕ 26.4 ಕೆ.ಜಿ. ಆಗುತ್ತದೆ. ಅಷ್ಟಕ್ಕೇ ಅದು ಸ್ಮಾಲ್ ವರ್ಗದಿಂದ ಮೀಡಿಯಂಗೆ ಜಿಗಿಯುತ್ತದೆ. ಟೈಪ್ ಸರ್ಟಿಫಿಕೇಟಿನ ಮಾದರಿ ಇದಲ್ಲ, ಪೈಲಟ್ ಸರ್ಟಿಫಿಕೇಟಿನ ವರ್ಗವೂ ಇದಲ್ಲ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಇದನ್ನು.

ಸುಣ್ಣ, ತಾಮ್ರ, ಕಂಪನ

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಮರ ಹತ್ತಿ ಹೊಡೆಯುವ ನುರಿತ ಕೈಗಳು ಕಡಿಮೆಯಾದಂತೆ ಇಲ್ಲಿಯೂ ಡ್ರೋನ್ ಬೇಕೆನಿಸಿದೆ. ಆದರೆ ಇದು ತಿಳಿ ದ್ರಾವಣವಲ್ಲ. ಕರಗದ ಸುಣ್ಣದ ಕಣಗಳು ಫಿಲ್ಟರಿನಲ್ಲಿ, ನಾಝಲ್ಲಿನಲ್ಲಿ ಕೂರುತ್ತವೆ. ನಾಝಲ್ ಅರ್ಧ ಕಟ್ಟಿದರೆ ದ್ರಾವಣ ಹೊರಗೆ ಹೋಗುವುದು ನಿಧಾನವಾಗುತ್ತದೆ. ಇಷ್ಟು ಹೊತ್ತಿಗೆ ಟ್ಯಾಂಕು ಖಾಲಿಯಾಗಿ ಡ್ರೋನ್ ಹಗುರಾಗಿರಬೇಕು ಎಂಬ ಲೆಕ್ಕ ತಪ್ಪುತ್ತದೆ. ಭಾರ ಇಳಿಯದೆ ಕರೆಂಟು ಇಳಿಯುವುದಿಲ್ಲ, ಬ್ಯಾಟರಿ ಅಂದುಕೊಂಡದ್ದಕ್ಕಿಂತ ಮೊದಲೇ ಮುಗಿಯುತ್ತದೆ. ಪಂಪಿನ ಕಡೆ ಶುರುವಾದ ತೊಂದರೆ ಮುಗಿಯುವುದು ಮರದ ನೆತ್ತಿಯ ಮೇಲೆ. ವಾಪಸ್ ಬರುವ ಎತ್ತರವನ್ನು ಬಯಲಿನ ಬೆಳೆಗೆ ಸೆಟ್ ಮಾಡಿಟ್ಟಿದ್ದರೆ, 15–20 ಮೀಟರ್ ಅಡಿಕೆ ಮರಗಳ ನಡುವೆ ತಾನಾಗಿ ಹಿಂದಿರುಗುವ ಡ್ರೋನ್ ನೇರವಾಗಿ ಸೋಗೆಗೆ ಸಿಕ್ಕಿಕೊಳ್ಳುತ್ತದೆ.

ತಾಮ್ರದ ಲವಣ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ತೊಳೆಯದೆ ಬಿಟ್ಟರೆ ಮಡಚುವ ತೋಳುಗಳ ಬೀಗದ ಬಳಿ, ಸ್ಕ್ರೂಗಳ ಸುತ್ತ, ಬ್ಯಾಟರಿ ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು–ಬಿಳಿ ಪುಡಿ ಕಟ್ಟುತ್ತದೆ. ಕನೆಕ್ಟರಿನ ರೋಧ ಏರಿದರೆ ಮೇಲಿನ ಬ್ಯಾಟರಿ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ತೋಳಿನ ಬೀಗ ಸಡಿಲವಾದರೆ ಹಾರುವಾಗಲೇ ತೋಳು ಮಡಚಿಕೊಳ್ಳಬಹುದು.

ಪ್ರೊಪೆಲ್ಲರ್ ತೊಂದರೆ ಕೊಡುವ ಬಗೆ ಬೇರೆ. ಕಣ್ಣಿಗೆ ಕಾಣದ ಬಿರುಕು ಅಥವಾ ಒಂದು ಬದಿಗೆ ಅಂಟಿದ ಔಷಧಿಯ ಪದರ ಸಾಕು, ಸಮತೂಕ ತಪ್ಪಿ ಇಡೀ ಡ್ರೋನ್ ಕಂಪಿಸುತ್ತದೆ. ತಾನು ಯಾವ ಕಡೆ ವಾಲಿದ್ದೇನೆ ಎಂದು ಫ್ಲೈಟ್ ಕಂಟ್ರೋಲರ್ ತಿಳಿಯುವುದು ಅದರೊಳಗಿನ ಸೂಕ್ಷ್ಮ ಸೆನ್ಸರ್‌ಗಳಿಂದ. ಕಂಪನ ಮಿತಿ ಮೀರಿದರೆ ಅವು ತಪ್ಪು ಹೇಳುತ್ತವೆ, ಎತ್ತರದ ಅಂದಾಜು ತಪ್ಪುತ್ತದೆ, ಡ್ರೋನ್ ಕಾರಣವಿಲ್ಲದೆ ಮೇಲೇಳಲು ಶುರುಮಾಡುತ್ತದೆ. ಬಹಳಷ್ಟು ಡ್ರೋನ್‌ಗಳಲ್ಲಿ ಬಳಕೆಯಲ್ಲಿರುವ ಆರ್ಡುಪೈಲಟ್ ಸಾಫ್ಟ್‌ವೇರ್ ಪ್ರತಿ ಹಾರಾಟದ ಕಂಪನವನ್ನೂ ದಾಖಲಿಸುತ್ತದೆ. ಆ ಸಂಖ್ಯೆ 30ರ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 60 ದಾಟಿದರೆ ತೊಂದರೆ ಹತ್ತಿರದಲ್ಲೇ ಇದೆ ಎಂದರ್ಥ. ಮಾಹಿತಿ ಡ್ರೋನಿನ ಮೆಮೊರಿ ಕಾರ್ಡಿನಲ್ಲೇ ಕುಳಿತಿರುತ್ತದೆ. ಅದನ್ನು ತೆರೆದು ನೋಡು ಎಂದು ಹಳ್ಳಿಯ ಆಪರೇಟರ್‌ಗೆ ಯಾರೂ ಕಲಿಸಿರುವುದಿಲ್ಲ, ನೋಡಲೇಬೇಕೆಂದು ಯಾವ ನಿಯಮವೂ ಒತ್ತಾಯಿಸುವುದಿಲ್ಲ.

ಕರಡು ಏನು ಹೇಳುತ್ತದೆ, ಯಾರು ಏನೆನ್ನುತ್ತಾರೆ

ಟೈಪ್ ಸರ್ಟಿಫಿಕೇಟ್ ಇಲ್ಲದ ಡ್ರೋನನ್ನು ತಯಾರಿಸುವುದು, ಜೋಡಿಸುವುದು, ಮಾರುವುದು ತಪ್ಪು ಎಂದು ಕರಡು ಹೇಳುತ್ತದೆ. ನೋಂದಣಿ, ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಪೊಲೀಸರಿಗೆ ಶೋಧ ಮತ್ತು ಜಪ್ತಿಯ ಅಧಿಕಾರ. ಕೆಲವು ಉಲ್ಲಂಘನೆಗಳಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಡ್ರೋನಿನಿಂದ ಸಾವು ಸಂಭವಿಸಿದರೆ 2.5 ಲಕ್ಷ, ತೀವ್ರ ಗಾಯವಾದರೆ 1 ಲಕ್ಷ ರೂಪಾಯಿ ಪರಿಹಾರ. ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. 2021ರ ನಿಯಮಗಳಲ್ಲಿ ಇದ್ದದ್ದು ಒಂದು ಲಕ್ಷದವರೆಗಿನ ದಂಡ. ಹೊಸ ಕರಡು ಅದೇ ವಿಷಯವನ್ನು ಅಪರಾಧದ ಲೆಕ್ಕಕ್ಕೆ ತರುತ್ತದೆ.

ಸರ್ಕಾರದ ಕಡೆಯ ವಾದಕ್ಕೆ ತೂಕವಿದೆ. ಡ್ರೋನಿನಿಂದ ಗಡಿಯಲ್ಲಿ ಮಾದಕವಸ್ತು, ಆಯುಧ ಇಳಿಸುವುದು ನಡೆದಿದೆ. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿದ್ದಿತ್ತು. ಬರೀ ದಂಡಕ್ಕೆ ಅಂಥವರು ಹೆದರುವುದಿಲ್ಲ. ಬಿದ್ದ ಡ್ರೋನಿನಿಂದ ಗಾಯಗೊಂಡವರು ಯಾರ ತಪ್ಪು ಎಂದು ಸಾಬೀತು ಮಾಡುತ್ತ ವರ್ಷಗಟ್ಟಲೆ ಅಲೆಯದೆ ಪರಿಹಾರ ಪಡೆಯಬೇಕೆಂಬುದೂ ನ್ಯಾಯವಾದದ್ದೇ.

ಉದ್ಯಮದವರ ಮತ್ತು ಹವ್ಯಾಸಿಗಳ ಭಯಕ್ಕೂ ಆಧಾರವಿದೆ. ‘ಜೋಡಿಸುವುದು’ ಎಂಬ ಒಂದೇ ಪದದೊಳಗೆ ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಾಜೆಕ್ಟೂ ಬಂದುಬಿಡುತ್ತದೆ. 2021ರ ನಿಯಮಗಳು ಶಿಕ್ಷಣ ಸಂಸ್ಥೆ, ಸಂಶೋಧನಾ ಸಂಸ್ಥೆ, ಮಾನ್ಯತೆ ಪಡೆದ ಸ್ಟಾರ್ಟ್‌ಅಪ್, ಜಿಎಸ್‌ಟಿ ಸಂಖ್ಯೆ ಇರುವ ತಯಾರಕರಿಗೆ ಹಸಿರು ವಲಯದಲ್ಲಿ (ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದಾದ ಜಾಗದಲ್ಲಿ) ತಮ್ಮ ಆವರಣದೊಳಗೆ ಪ್ರಯೋಗ ಮಾಡಲು ಸ್ಪಷ್ಟ ವಿನಾಯಿತಿ ಕೊಟ್ಟಿದ್ದವು. ಬೆಂಗಳೂರಿನ ಡ್ರೋನ್ ಕಂಪನಿಗಳು ಬೆಳೆದಿರುವುದು ಇಂಥ ಜಾಗ ಇದ್ದದ್ದರಿಂದ. ಹತ್ತು ಬಾರಿ ಬೀಳಿಸದೆ ಯಾವ ಡ್ರೋನೂ ಟೈಪ್ ಸರ್ಟಿಫಿಕೇಟಿನ ಹಂತಕ್ಕೆ ಬರುವುದಿಲ್ಲ. ಬೀಳಿಸಲು ಕಾನೂನಿನ ರಕ್ಷಣೆಯಿರುವ ಜಾಗ ಮೂಲ ಕಾಯ್ದೆಯಲ್ಲೇ ಇರಬೇಕು. ಮುಂದೆ ಎಂದೋ ಹೊರಡುವ ಅಧಿಸೂಚನೆಗೆ ಅದನ್ನು ಬಿಡಬಾರದು.

ಇನ್ನೊಂದು ತೊಡಕು ಬಿಡಿಭಾಗಗಳದ್ದು. 2022ರ ಫೆಬ್ರುವರಿ 9ರಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ಚೀನಾ 2023ರ ಸೆಪ್ಟೆಂಬರ್ 1ರಿಂದ ಕೆಲವು ಡ್ರೋನ್ ಭಾಗಗಳ ರಫ್ತಿಗೆ ತಾನೇ ಹಿಡಿತ ಹಾಕಿತು. ನಿನ್ನೆಯವರೆಗೆ ಬರುತ್ತಿದ್ದ ಮೋಟರ್ ಬರದೆ ಹೋದರೆ ತಯಾರಕ ಬೇರೆ ಮೋಟರ್ ಹಾಕಬೇಕು. ಅದು ವಿನ್ಯಾಸದ ಬದಲಾವಣೆ, ಮತ್ತೆ ಪರೀಕ್ಷೆಗೆ ಹೋಗಬೇಕಾದ ವಿಷಯ. ಬದಲಾವಣೆಗೆ ಬೇಗ, ಕಡಿಮೆ ಖರ್ಚಿನಲ್ಲಿ ಒಪ್ಪಿಗೆ ಸಿಗದಿದ್ದರೆ ಹೇಳದೆ ಬದಲಿಸುವ ಚಾಳಿ ಬೆಳೆಯುತ್ತದೆ. ಆಗ ಅದೇ ಪ್ರಮಾಣಪತ್ರದಡಿ ಬೇರೆಯೇ ಡ್ರೋನ್ ಮಾರಾಟವಾಗುತ್ತದೆ. ಜೈಲಿನ ಭಯ ಹೆಚ್ಚಿದಷ್ಟೂ ಇದು ಗುಟ್ಟಾಗಿ ನಡೆಯುತ್ತದೆ.

ಹೊರದೇಶದ ಎರಡು ದಾರಿ

ಅಮೆರಿಕ 55 ಪೌಂಡಿಗಿಂತ ಕಡಿಮೆ, ಅಂದರೆ ಸುಮಾರು 25 ಕೆ.ಜಿ. ಒಳಗಿನ ಡ್ರೋನ್‌ಗಳಿಗೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಕೇಳುವುದಿಲ್ಲ. 2016ರಿಂದ ಜಾರಿಯಲ್ಲಿರುವ ‘ಪಾರ್ಟ್ 107’ ನಿಯಮದಡಿ ಪೈಲಟ್‌ಗೆ ಪರೀಕ್ಷೆ, ಹಾರಾಟಕ್ಕೆ ಮಿತಿ, ಡ್ರೋನ್ ಸುರಕ್ಷಿತ ಸ್ಥಿತಿಯಲ್ಲಿದೆ ಎಂದು ಹಾರಿಸುವ ಮುನ್ನ ನೋಡಿಕೊಳ್ಳುವ ಹೊಣೆಯೂ ಪೈಲಟ್‌ನದೇ. ಯುರೋಪ್ ಅಪಾಯದ ಮಟ್ಟಕ್ಕೆ ತಕ್ಕ ನಿಯಮ ಇಟ್ಟಿದೆ: ಕಡಿಮೆ ಅಪಾಯದ ಹಾರಾಟಕ್ಕೆ ಡ್ರೋನಿನ ಮೇಲೆ ಸಿ0ಯಿಂದ ಶುರುವಾಗುವ ವರ್ಗದ ಗುರುತು ಸಾಕು, ಅಪಾಯ ಹೆಚ್ಚಿದಂತೆ ಕೆಲಸದ ಸ್ವರೂಪವನ್ನೇ ಅಳೆದು ಒಪ್ಪಿಗೆ ಕೊಡುತ್ತಾರೆ. ಜನವಿಲ್ಲದ ತೊಗರಿ ಹೊಲದ ಮೇಲಿನ ಹಾರಾಟಕ್ಕೂ ಜಾತ್ರೆಯ ಜನಜಂಗುಳಿಯ ಮೇಲಿನ ಹಾರಾಟಕ್ಕೂ ಅಪಾಯ ಒಂದೇ ಅಲ್ಲ. ನಮ್ಮಲ್ಲಿ ತೂಕ ಮತ್ತು ವಲಯ ನೋಡುತ್ತೇವೆ, ಕೆಳಗೆ ಯಾರಿದ್ದಾರೆ ಎಂಬುದಕ್ಕೆ ಅಷ್ಟು ಬೆಲೆಯಿಲ್ಲ.

ಹಿರಿಯೂರಿನಲ್ಲಿ ಬಿದ್ದದ್ದು ಬೇರೆ

2023ರ ಆಗಸ್ಟ್ 20ರಂದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಮಾನವರಹಿತ ವಿಮಾನ ತಪಸ್ ಬಿದ್ದ ಚಿತ್ರ ಹಲವರ ಮನಸ್ಸಿನಲ್ಲಿದೆ. ಡ್ರೋನ್ ಮಸೂದೆಯ ಚರ್ಚೆಯಲ್ಲೂ ಅದರ ಹೆಸರು ಬರುತ್ತದೆ. ಅದು ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಎಡಿಇ ವಿನ್ಯಾಸ ಮಾಡಿ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಿಂದ ಪರೀಕ್ಷಾ ಹಾರಾಟ ನಡೆಸುತ್ತಿದ್ದ ವಿಮಾನ. ಸೇನೆಯ ಮಾನವರಹಿತ ವಿಮಾನಗಳು ಡ್ರೋನ್ ನಿಯಮಗಳ ಹೊರಗೆ. ಅವುಗಳ ಹಾರಾಟ ಯೋಗ್ಯತೆ ನೋಡುವುದು ಬೆಂಗಳೂರಿನಲ್ಲೇ ಇರುವ ಸೆಮಿಲಾಕ್ ಎಂಬ ಸಂಸ್ಥೆ. ಅಲ್ಲಿ ಪ್ರತಿ ವಿಮಾನಕ್ಕೂ ಲಾಗ್ ಪುಸ್ತಕ, ಭಾಗಭಾಗಕ್ಕೂ ಆಯಸ್ಸಿನ ಲೆಕ್ಕ ಇರುತ್ತದೆ. ಹಳ್ಳಿಯ ಡ್ರೋನಿಗೆ ಅಷ್ಟು ಬೇಡ, ಅಷ್ಟನ್ನು ಹೊರುವ ಶಕ್ತಿಯೂ ಯಾರಿಗೂ ಇಲ್ಲ. ಆದರೆ ಲಾಗ್ ಪುಸ್ತಕವೆಂಬ ಪದ್ಧತಿ ಅಲ್ಲಿಂದ ತರುವಂಥದ್ದು.

ಮುಂದೆ ಏನಾಗಬಹುದು

ಕರಡು ಇದ್ದಂತೆಯೇ ಕಾಯ್ದೆಯಾದರೆ ಮಾರಾಟದ ಬಾಗಿಲು ಬಿಗಿಯಾಗುತ್ತದೆ. ಪ್ರಮಾಣಪತ್ರವಿಲ್ಲದ ಅಗ್ಗದ ಡ್ರೋನ್‌ಗಳು ಅಂಗಡಿಯಲ್ಲಿ ಕಡಿಮೆಯಾಗಬಹುದು, ಅದು ಒಳ್ಳೆಯದೇ. ಆದರೆ ಪ್ರಮಾಣಪತ್ರ ಪಡೆದ ಡ್ರೋನ್ ಎರಡು ಸೀಸನ್ ಕಳೆದ ಮೇಲೆ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಪೊಲೀಸ್ ಪೇದೆ ಕಾಗದ ನೋಡಬಲ್ಲರು, ಸೆಲ್ಲಿನ ಒಳರೋಧ ನೋಡಲಾರರು. ಅಪಘಾತವಾಗಿ ವಿಷಯ ನ್ಯಾಯಮಂಡಳಿಗೆ ಬಂದರೆ, ಗಾಯಗೊಂಡವರಿಗೆ ಪರಿಹಾರ ಸಿಕ್ಕಮೇಲೂ ಅದನ್ನು ಭರಿಸುವವರು ತಯಾರಕರೇ, ಮಾಲೀಕರೇ, ವಿಮಾ ಕಂಪನಿಯೇ ಎಂಬ ಜಗಳ ಉಳಿಯುತ್ತದೆ. ನಿರ್ವಹಣೆಯ ದಾಖಲೆ ಇಲ್ಲದ ಕಡೆ ಸೋಲುವುದು ಹೆಚ್ಚಾಗಿ ಮಾಲೀಕರು.

ಈ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೆನಪಿಡಬೇಕು. 1,261 ಕೋಟಿ ರೂಪಾಯಿಯ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘಗಳಿಗೆ ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯ ಸಿಗುತ್ತದೆ. ಒಬ್ಬ ಸದಸ್ಯೆಗೆ 15 ದಿನದ ತರಬೇತಿ. ರಿಪೇರಿಯಲ್ಲಿ ಆಸಕ್ತಿ ಇರುವ ಇನ್ನೊಬ್ಬರಿಗೆ 5 ದಿನದ ಸಹಾಯಕರ ತರಬೇತಿ. ಪ್ಯಾಕೇಜಿನಲ್ಲಿ ಹೆಚ್ಚುವರಿಯಾಗಿ ನಾಲ್ಕು ಜೋಡಿ ಬ್ಯಾಟರಿ, ಒಂದು ವರ್ಷದ ವಾರಂಟಿ, ಎರಡು ವರ್ಷದ ನಿರ್ವಹಣಾ ಒಪ್ಪಂದವೂ ಇವೆ. ಯೋಜನೆ ಬರೆದವರು ನಿರ್ವಹಣೆಯನ್ನು ಮರೆತಿಲ್ಲ ಎಂಬುದು ಸಮಾಧಾನದ ವಿಷಯ. ಆದರೆ ಆ ವರ್ಷಗಳು ಮುಗಿದ ಮೇಲೆ, ಐದು ಜೋಡಿ ಬ್ಯಾಟರಿಯ ಆಯಸ್ಸು ತೀರಿದ ಮೇಲೆ, ಹೊಸದಕ್ಕೆ ದುಡ್ಡು ತೆಗೆದಿಟ್ಟುಕೊಳ್ಳದ ಸಂಘದ ಮುಂದೆ ಉಳಿಯುವುದು ಆ 39.6 ವೋಲ್ಟಿನ ದಾರಿ. ಎಕರೆಗೆ ಇಷ್ಟು ಬಾಡಿಗೆ ಎಂದು ಗೊತ್ತು ಮಾಡುವಾಗಲೇ ಬ್ಯಾಟರಿಯ ಸವೆತವನ್ನೂ ಸೇರಿಸಬೇಕು ಎಂದು ಆ ತರಬೇತಿಯಲ್ಲೇ ಲೆಕ್ಕ ಹಾಕಿ ತೋರಿಸಬೇಕು.

ಕಾಯ್ದೆಯಲ್ಲಿ ಸೇರಬೇಕಾದದ್ದು ದೊಡ್ಡ ಇಲಾಖೆಯಲ್ಲ. ಜನರ ಹತ್ತಿರ ಅಥವಾ ಬಾಡಿಗೆಗೆ ಹಾರುವ ಡ್ರೋನ್‌ಗಳಿಗೆ ವರ್ಷಕ್ಕೊಮ್ಮೆ ತಪಾಸಣೆ, ಅದನ್ನು ಮಾಡಲು ಐಟಿಐ ಮಟ್ಟದಲ್ಲಿ ತರಬೇತಿ ಪಡೆದ ತಂತ್ರಜ್ಞರು, ಫೇಲ್‌ಸೇಫ್ ಸೆಟ್ಟಿಂಗನ್ನು ಬಳಕೆದಾರರು ಕೆಳಗಿಳಿಸಲಾಗದಂತೆ ತಯಾರಕರೇ ಬೀಗ ಹಾಕುವ ಕಡ್ಡಾಯ, ಬಿಡಿಭಾಗ ಬದಲಾವಣೆಗೆ ತ್ವರಿತ ಒಪ್ಪಿಗೆ. ಇವು ನಾಲ್ಕಿದ್ದರೆ ಎಫ್‌ಸಿಯ ಕೆಲಸದ ಬಹುಪಾಲು ಆಗುತ್ತದೆ.

ಅಲ್ಲಿಯವರೆಗೆ ಡ್ರೋನ್ ಇರುವವರು ತಾವೇ ಮಾಡಬಹುದಾದ ಕೆಲಸ ಬಹಳವಿದೆ. ಪ್ರತಿ ಬ್ಯಾಟರಿಗೂ ಮಾರ್ಕರಿನಿಂದ ಒಂದು ನಂಬರ್ ಬರೆಯಿರಿ. ಚಾರ್ಜರ್ ತೋರಿಸುವ ಸೆಲ್‌ಗಳ ಒಳರೋಧವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಬ್ಯಾಟರಿ ತಣ್ಣಗಿದ್ದಾಗ, ಬರೆದಿಡಿ; ಹೊಸದಿದ್ದಾಗಿನ ಎರಡು ಪಟ್ಟಾದರೆ ಅಥವಾ ಒಂದು ಸೆಲ್ ಉಳಿದವುಗಳಿಂದ ತೀರಾ ಬೇರೆ ತೋರಿಸಿದರೆ ಆ ಪ್ಯಾಕನ್ನು ಹಾರಾಟದಿಂದ ಇಳಿಸಿ. ಎರಡು ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಸೆಲ್ಲಿಗೆ 3.8 ವೋಲ್ಟ್‌ನ ಆಸುಪಾಸಿನಲ್ಲಿಡಿ, ಪೂರ್ತಿ ತುಂಬಿ ಬಿಡಬೇಡಿ. ದಿನದ ಕೊನೆಗೆ ಟ್ಯಾಂಕಿಗೆ ಎರಡು ಬಾರಿ ಶುದ್ಧ ನೀರು ಹಾಕಿ ಪಂಪು ಓಡಿಸಿ, ಫಿಲ್ಟರ್ ಬಿಚ್ಚಿ ತೊಳೆಯಿರಿ, ತೋಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೋರ್ಡೋ ಆದರೆ ಟ್ಯಾಂಕಿಗೆ ಸುರಿಯುವ ಮೊದಲೇ ಎರಡು ಪದರ ಬಟ್ಟೆಯಲ್ಲಿ ಸೋಸಿ. ಬ್ಯಾಟರಿ ಕಳಚಿಟ್ಟು ಮೋಟರನ್ನು ಬೆರಳಿನಲ್ಲಿ ತಿರುಗಿಸಿ, ಮರಳು ತಾಗಿದಂತೆ ಅನಿಸಿದರೆ ಬೇರಿಂಗ್ ಹೋಗಿದೆ. ಪ್ರೊಪೆಲ್ಲರಿನ ಅಂಚಿನ ಮೇಲೆ ಉಗುರು ಸವರಿ, ಎಲ್ಲಿಯಾದರೂ ಸಿಕ್ಕಿಕೊಂಡರೆ ಅದನ್ನು ತೆಗೆದುಹಾಕಿ, ಎದುರಿನ ಜೋಡಿಯನ್ನೂ ಅದೇ ಕಂಪನಿಯದಕ್ಕೆ ಬದಲಿಸಿ. ಸ್ಕ್ರೂವಿನ ತಲೆಯಿಂದ ತೋಳಿನವರೆಗೆ ಪೇಂಟಿನ ಒಂದು ಗೆರೆ ಎಳೆದಿಟ್ಟರೆ ಸಡಿಲವಾದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಬದಲಿಸಿದ ಪ್ರತಿ ಭಾಗದ ಬಿಲ್ಲನ್ನೂ ದಿನಾಂಕ ಹಾಕಿ ಅದೇ ನೋಟ್‌ಬುಕ್ಕಿಗೆ ಅಂಟಿಸಿ. ವಿಮೆಯ ಕ್ಲೇಮಿನ ದಿನ ನಿಮ್ಮ ಪರವಾಗಿ ತೋರಿಸಲು ಸಿಗುವ ನಿರ್ವಹಣೆಯ ದಾಖಲೆ ಈಗಿನ ಮಟ್ಟಿಗೆ ಆ ನೋಟ್‌ಬುಕ್ಕು ಮತ್ತು ಮೆಮೊರಿ ಕಾರ್ಡಿನಲ್ಲಿರುವ ಹಾರಾಟದ ಲಾಗ್.